‘ಲೇಬರ್’ ಎಂಬ ಇಂಗ್ಲಿಷ್ ಪದ: ಶ್ರಮವೇ, ದುಡಿಮೆಯೇ, ಬೇನೆಯೇ?

ಪುಟಬದಿ

ನಮಸ್ಕಾರ. ಅರ್ಥಶಾಸ್ತ್ರದ ವಿಚಾರಗಳನ್ನು ಸಾಮಾನ್ಯ ಓದುಗರಿಗಾಗಿ ಬರೆದ ಒಂದು ಇಂಗ್ಲಿಷ್ ಪ್ರಬಂಧವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಲೇಬರ್’ ಎಂಬ ಪದ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಒಂದು ಕಡೆ ಅದಕ್ಕೆ ಮೈಮುರಿದು ಮಾಡುವ ಕೆಲಸ ಎಂಬ ಅರ್ಥ, ಇನ್ನೊಂದು ಕಡೆ ಕೆಲಸಗಾರರ ಇಡೀ ಸಮುದಾಯ ಎಂಬ ಅರ್ಥ, ಮತ್ತೊಂದು ಕಡೆ ಭೂಮಿ ಮತ್ತು ಬಂಡವಾಳಗಳ ಸಾಲಿನಲ್ಲಿ ನಿಲ್ಲುವ ಉತ್ಪಾದನಾಂಗ ಎಂಬ ಅರ್ಥ. ಸಾಲದೆಂಬಂತೆ ಲೇಖಕರು ಹೆರಿಗೆಯ ಅರ್ಥವನ್ನೂ ಎಳೆದು ತಂದು ಒಂದು ಶ್ಲೇಷೆ ಮಾಡಿದ್ದಾರೆ. ಎಲ್ಲ ಕಡೆಯೂ ‘ಶ್ರಮ’ ಎಂದು ಹಾಕಿದರೆ ವಾಕ್ಯಗಳು ತಪ್ಪೇನೂ ಆಗುವುದಿಲ್ಲ, ಆದರೆ ಇಡೀ ಪ್ರಬಂಧದಲ್ಲಿ ಯಾರೊಬ್ಬರೂ ದಣಿಯುತ್ತಿಲ್ಲವೇನೋ ಎನ್ನಿಸುತ್ತದೆ. ಒಂದೇ ಪದವನ್ನು ಉಳಿಸಿಕೊಳ್ಳಬೇಕೆ ಅಥವಾ ಸಂದರ್ಭಕ್ಕೊಂದು ಪದವನ್ನು ಬಳಸಬೇಕೆ ಎಂಬುದರ ಬಗ್ಗೆ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಅರ್ಥಕೋಶ

ಪದಗಳನ್ನು ಹಂಚುವ ಮೊದಲು ಆ ಇಂಗ್ಲಿಷ್ ಪದ ಬಂದ ದಾರಿಯನ್ನು ನೋಡುವುದು ಒಳ್ಳೆಯದು. ಲ್ಯಾಟಿನ್ನಿನ ‘ಲಾಬೋರ್’ ಎಂಬುದಕ್ಕೆ ಕೆಲಸ ಎಂಬ ಅರ್ಥ ಎಷ್ಟಿತ್ತೋ ಕಷ್ಟ, ಬಳಲಿಕೆ, ಸಂಕಟ ಎಂಬ ಅರ್ಥವೂ ಅಷ್ಟೇ ಇತ್ತು. ಹೊರೆಯ ಕೆಳಗೆ ತತ್ತರಿಸುವುದನ್ನು ಹೇಳುವ ಲ್ಯಾಟಿನ್ ಕ್ರಿಯಾಪದವೊಂದರ ಜೊತೆಗೆ ಅದನ್ನು ಜೋಡಿಸುವ ವಿದ್ವಾಂಸರಿದ್ದಾರೆ, ಆದರೆ ಆ ನಂಟು ಇನ್ನೂ ಸಿದ್ಧಪಟ್ಟಿಲ್ಲ. ಹಳೆಯ ಫ್ರೆಂಚಿನ ಮೂಲಕ ಅದು 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಿತು. ಫ್ರೆಂಚಿನಲ್ಲಿಯಾದರೋ ಪದದ ಹರಹು ಕಿರಿದಾಗುತ್ತ ಹೋಗಿ, ಇಂದು ‘ಲಬೂರೇ’ ಎಂದರೆ ಮುಖ್ಯವಾಗಿ ಹೊಲ ಉಳುವುದು. ಕನ್ನಡದ ‘ಗೆಯ್’ ಎಂಬ ಹಳೆಯ ಧಾತುವೂ ‘ಮಾಡು’ ಎಂಬ ವಿಶಾಲವಾದ ಅರ್ಥದಿಂದ ಹೊರಟು ‘ಗೆಯ್ಮೆ’ ಎಂಬ ರೂಪದಲ್ಲಿ ಬೇಸಾಯದ ದುಡಿಮೆಗೆ ಅಂಟಿಕೊಂಡಿರುವುದನ್ನು ನೆನೆದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಹಾದಿಯಲ್ಲಿ ನಡೆದಿರುವುದು ಕಾಣುತ್ತದೆ.

ಇದೇ ಬೇರಿನಿಂದ ಬಂದ ಇತರ ಪದಗಳಲ್ಲಿ ದಣಿವು ಮರೆಯಾಗಿದೆ. ನಾವು ಪ್ರಯೋಗಾಲಯ ಎನ್ನುವ ‘ಲ್ಯಾಬೊರೇಟರಿ’ ಮೂಲತಃ ದುಡಿಯುವ ಜಾಗ. ‘ಎಲಾಬರೇಟ್’ ಎಂದರೆ ದುಡಿದು ದುಡಿದು ವಿವರಗಳನ್ನು ಹೊರತೆಗೆದದ್ದು. ‘ಕೊಲಾಬರೇಟ್’ ಎಂದರೆ ಜೊತೆಗೂಡಿ ದುಡಿಯುವುದು. ಈ ಕೊನೆಯ ಪದಕ್ಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ದೇಶವನ್ನು ಆಕ್ರಮಿಸಿಕೊಂಡ ಶತ್ರುವಿನ ಜೊತೆ ಕೈಜೋಡಿಸುವವನು ಎಂಬ ಕಹಿಯಾದ ಅರ್ಥವೂ ಸೇರಿಕೊಂಡಿತು.

ನಿಮ್ಮ ದೂರಿಗೆ ಒಂದು ಮಾತನ್ನು ಸೇರಿಸುತ್ತೇನೆ. ‘ಶ್ರಮ’ ಎಂಬ ಸಂಸ್ಕೃತ ಪದಕ್ಕೂ ಮೂಲದಲ್ಲಿ ದಣಿವೇ ಅರ್ಥ. ‘ವಿಶ್ರಾಂತಿ’ಯಲ್ಲಿ ನಾವು ಆರಿಸಿಕೊಳ್ಳುವುದು ಆ ದಣಿವನ್ನೇ. ಸುತ್ತೋಲೆಗಳಲ್ಲಿ ಮತ್ತು ಭಾಷಣಗಳಲ್ಲಿ ಸವೆದು ಸವೆದು ಅದು ಈಗ ಬೆವರಿಲ್ಲದ ಪದವಾಗಿದೆ, ಅಷ್ಟೆ.

ಭೌತಪಾಠ

ನಾನು ಭೌತವಿಜ್ಞಾನವನ್ನು ಪಾಠ ಮಾಡುವವನು. ‘ವರ್ಕ್’ ಮತ್ತು ‘ಲೇಬರ್’ಗಳ ನಡುವಿನ ಗೆರೆ ನನ್ನ ತರಗತಿಯಲ್ಲಿ ದಿನವೂ ಕಾಣುತ್ತದೆ. ಒಬ್ಬ ವಿದ್ಯಾರ್ಥಿ ಗೋಡೆಯನ್ನು ಅರ್ಧ ಗಂಟೆ ತಳ್ಳಿ ಬೆವರಿ ನಿಂತರೂ, ಗೋಡೆ ಕದಲದಿದ್ದರೆ ಅವನು ಅದರ ಮೇಲೆ ಮಾಡಿದ ಕೆಲಸ ಸೊನ್ನೆ ಎಂದು ನಾವು ಲೆಕ್ಕ ಹಾಕುತ್ತೇವೆ, ಏಕೆಂದರೆ ಯಂತ್ರಶಾಸ್ತ್ರದಲ್ಲಿ ಕೆಲಸವೆಂದರೆ ಬಲ ಮತ್ತು ಆ ಬಲದ ದಿಕ್ಕಿನಲ್ಲಾದ ಸ್ಥಾನಪಲ್ಲಟ ಇವೆರಡರ ಗುಣಲಬ್ಧ. ಅವನ ಸ್ನಾಯುಗಳ ಎಳೆಗಳಾದರೋ ಒಳಗೊಳಗೇ ಎಡೆಬಿಡದೆ ಶಕ್ತಿಯನ್ನು ಖರ್ಚು ಮಾಡುತ್ತಿರುತ್ತವೆ. ಅವನಿಗೆ ಆದ ದಣಿವು ಸುಳ್ಳಲ್ಲ. ಇಂಗ್ಲಿಷಿನಲ್ಲಿ ಹೇಳುವುದಾದರೆ ಅವನು ಲೇಬರ್ ಮಾಡಿದ್ದಾನೆ, ವರ್ಕ್ ಮಾಡಿಲ್ಲ.

ಈ ಪರಿಭಾಷೆಯ ಹುಟ್ಟಿನಲ್ಲಿಯೂ ಒಂದು ಸ್ವಾರಸ್ಯವಿದೆ. 1829ರಲ್ಲಿ ಫ್ರಾನ್ಸಿನ ಕೊರಿಯೊಲಿಸ್ ಈ ಪರಿಮಾಣಕ್ಕೆ ‘ತ್ರವಾಯ್’ ಎಂಬ ಹೆಸರನ್ನು ಆರಿಸಿಕೊಂಡ. ಆ ಫ್ರೆಂಚ್ ಪದವು ಮೂರು ಗೂಟಗಳ ಒಂದು ಹಿಂಸೆಯ ಸಾಧನದ ಲ್ಯಾಟಿನ್ ಹೆಸರಿನಿಂದ ಬಂದಿದೆ ಎಂಬುದು ರೂಢಿಯ ವಿವರಣೆ. ಇಂಗ್ಲಿಷಿನಲ್ಲಿ ತೀವ್ರ ಯಾತನೆಯನ್ನು ಸೂಚಿಸುವ ‘ಟ್ರಾವೇಲ್’ ಎಂಬ ಪದವೂ ಪ್ರಯಾಣವನ್ನು ಸೂಚಿಸುವ ‘ಟ್ರಾವೆಲ್’ ಎಂಬ ಪದವೂ ಅದರ ಸಂತಾನವೇ. ಯಾತನೆಯ ಪದವೊಂದು ನ್ಯೂಟನ್ ಮತ್ತು ಮೀಟರುಗಳ ಗುಣಾಕಾರಕ್ಕೆ ಹೆಸರಾಗಿ ಕೊನೆಗೆ ಜೌಲ್‌ಗಳಲ್ಲಿ ಅಳೆಯಿಸಿಕೊಂಡಿತು.

ಅರ್ಥಕೋಶ

ಭೌತಪಾಠ ಅವರು ಹೇಳಿದ ಗೆರೆಯನ್ನೇ ತತ್ತ್ವಶಾಸ್ತ್ರದಲ್ಲಿ ಹಾನಾ ಅರೆಂಟ್ 1958ರಲ್ಲಿ ಎಳೆದರು. ಯೂರೋಪಿನ ಹಳೆಯ ಮತ್ತು ಹೊಸ ಭಾಷೆಗಳೆಲ್ಲ ಈ ಒಂದು ಚಟುವಟಿಕೆಗೆ ಎರಡೆರಡು ಪದಗಳನ್ನು ಇಟ್ಟುಕೊಂಡಿರುವುದನ್ನು ಅವರು ಎತ್ತಿ ತೋರಿಸಿದರು. ‘ವರ್ಕ್’ ಎಂಬ ನಾಮಪದ ಮಾಡುವ ಕ್ರಿಯೆಗೂ ಸಲ್ಲುತ್ತದೆ, ಮಾಡಿ ಮುಗಿಸಿದ ವಸ್ತುವಿಗೂ ಸಲ್ಲುತ್ತದೆ. ಆದ್ದರಿಂದಲೇ ಒಬ್ಬ ಕವಿಯ ಸಮಗ್ರ ಕೃತಿಗಳನ್ನು ‘ವರ್ಕ್ಸ್’ ಎನ್ನಬಹುದು. ‘ಲೇಬರ್’ ಮುಗಿದ ವಸ್ತುವಿನ ಹೆಸರಾಗುವುದಿಲ್ಲ. ಉಣ್ಣುವುದು, ತೊಳೆಯುವುದು, ಮತ್ತೆ ಉಣ್ಣುವುದು ಎಂಬಂತೆ ಬದುಕಿನ ಜೊತೆ ಸುತ್ತುತ್ತಲೇ ಇರುವ, ಹಿಂದೆ ಏನನ್ನೂ ಉಳಿಸದ ದುಡಿಮೆಯನ್ನು ಅರೆಂಟ್ ಲೇಬರ್ ಎಂದು ಕರೆದರು.

ಹರ್ಕ್ಯುಲೀಸನ ಹನ್ನೆರಡು ‘ಲೇಬರ್ಸ್’ ಇವೆಯಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿಯೂ ಎಣಿಸುತ್ತಿರುವುದು ಅವನು ಪಟ್ಟ ಪಾಡುಗಳನ್ನು, ತಯಾರಿಸಿದ ವಸ್ತುಗಳನ್ನಲ್ಲ. ನಾವು ಅವುಗಳನ್ನು ‘ಸಾಹಸಗಳು’ ಎಂದು ಅನುವಾದಿಸಿ ಅವನ ಪಾಡನ್ನು ಪರಾಕ್ರಮವಾಗಿಸಿದ್ದೇವೆ. ಅವು ಒಬ್ಬ ಅಲ್ಪನಾದ ದೊರೆಯ ಕೈಕೆಳಗೆ, ಪ್ರಾಯಶ್ಚಿತ್ತಕ್ಕಾಗಿ ಮಾಡಿದ ಕೆಲಸಗಳು ಎಂಬುದು ಕನ್ನಡದ ಪದದಲ್ಲಿ ಉಳಿದಿಲ್ಲ.

ಕರಡುತಿದ್ದು

ನಾಮಪದದ ಚರ್ಚೆಯಲ್ಲಿ ಕ್ರಿಯಾಪದವನ್ನು ಮರೆಯಬಾರದು. ಅನುವಾದಕರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಇಂಗ್ಲಿಷಿನಲ್ಲಿ ಎಂಜಿನ್ ಏರಿನಲ್ಲಿ ಲೇಬರ್ ಮಾಡುತ್ತದೆ, ಹಡಗು ದೊಡ್ಡ ಅಲೆಗಳ ನಡುವೆ ಲೇಬರ್ ಮಾಡುತ್ತದೆ, ರೋಗಿಯ ಉಸಿರು ಲೇಬರ್ಡ್ ಆಗಿರುತ್ತದೆ. ಇವುಗಳಲ್ಲಿ ಎಲ್ಲಿಯೂ ‘ಶ್ರಮಿಸು’ ಎಂದು ಬರೆಯುವಂತಿಲ್ಲ. ಎಂಜಿನ್ ತಿಣುಕುತ್ತದೆ, ಹಡಗು ಹೊಯ್ದಾಡುತ್ತ ಹೆಣಗುತ್ತದೆ, ರೋಗಿ ಏದುಸಿರು ಬಿಡುತ್ತಾನೆ. ‘ತಿಣುಕು’, ‘ಹೆಣಗು’, ‘ಏಗು’, ‘ಒದ್ದಾಡು’ ಎಂಬ ಕ್ರಿಯಾಪದಗಳು ಕನ್ನಡದಲ್ಲಿ ಇಷ್ಟು ಸಮೃದ್ಧವಾಗಿರುವಾಗ ಅವುಗಳನ್ನು ಆಡುಮಾತಿಗೆ ಮಾತ್ರ ಸಲ್ಲುವ ಪದಗಳೆಂದು ದೂರವಿಟ್ಟು, ‘ಕಠಿಣ ಪರಿಶ್ರಮವನ್ನು ಕೈಗೊಳ್ಳುತ್ತದೆ’ ಎಂದು ಬರೆಯುವ ಚಾಳಿ ನಮ್ಮ ಗಂಭೀರ ಗದ್ಯವನ್ನು ಸೊರಗಿಸಿದೆ ಎಂದು ನನಗೆ ಅನ್ನಿಸುತ್ತದೆ.

ಇನ್ನೆರಡು ನುಡಿಗಟ್ಟುಗಳಲ್ಲಿ ದುಡಿಮೆಯ ಸುಳಿವೇ ಇಲ್ಲ. ಒಂದು ವಾದದ ಅಂಶವನ್ನು ‘ಲೇಬರ್’ ಮಾಡುವುದೆಂದರೆ ಒಪ್ಪಿತವಾದದ್ದನ್ನೇ ಮತ್ತೆ ಮತ್ತೆ ಹೇಳಿ ಬೇಸರ ಹುಟ್ಟಿಸುವುದು. ‘ಎಳೆದಾಡುವುದು’ ಎಂಬುದು ಅದಕ್ಕೆ ಸಾಕು. ಒಂದು ಭ್ರಮೆಯ ‘ಅಡಿಯಲ್ಲಿ’ ಲೇಬರ್ ಮಾಡುವುದೆಂದರೆ ಆ ಭ್ರಮೆಯಲ್ಲೇ ಇರುವುದು; ಅದನ್ನು ‘ಭ್ರಮೆಯ ಅಡಿಯಲ್ಲಿ ದುಡಿಯುತ್ತಿದ್ದಾರೆ’ ಎಂದು ಅಚ್ಚು ಹಾಕಿದ ಕರಡನ್ನು ನಾನು ತಿದ್ದಿದ್ದೇನೆ.

ಆಡುಗನ್ನಡದ ಮಾತೊಂದು ಉಳಿದಿದೆ. ನಾವು ‘ಇಬ್ಬರು ಲೇಬರ್ ಬಂದಿದ್ದಾರೆ’ ಎಂದು ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಆ ಪದ ಜನರನ್ನು ಒಟ್ಟಾಗಿ ಹೇಳಬಲ್ಲದೇ ಹೊರತು ಹೀಗೆ ತಲೆ ಎಣಿಸಲು ಬರುವುದಿಲ್ಲ. ಎಣಿಸಬೇಕಾದರೆ ‘ಲೇಬರರ್’ ಎನ್ನಬೇಕು. ನಾವು ಗುಂಪಿನ ಹೆಸರನ್ನು ಮನುಷ್ಯನಿಗೆ ಕೊಟ್ಟಿದ್ದೇವೆ. ಆದ್ದರಿಂದ ಪ್ರಬಂಧದಲ್ಲಿ ‘ಲೇಬರ್’ ಎಂದೇ ಉಳಿಸಿದರೆ ಕನ್ನಡದ ಓದುಗನ ಕಣ್ಣಿಗೆ ಮೊದಲು ಕಾಣುವುದು ಒಬ್ಬ ಕೂಲಿಯಾಳು, ಉತ್ಪಾದನಾಂಗವಲ್ಲ.

ಹಾಳೆಯ ಅಂಚು

ನಮ್ಮಲ್ಲೇ ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ‘ಕಾಯಕ’ ಎಂಬ ಪದವಿರುವಾಗ ಇಷ್ಟೊಂದು ಪರದಾಟವೇಕೆ?

ಅರ್ಥಕೋಶ

ಅದು ಘನವಾದ ಪದ. ಇಲ್ಲಿ ಹೊಂದದಿರುವುದೂ ಆ ಘನತೆಯಿಂದಲೇ. ಕಾಯಕದಲ್ಲಿ ಮಾಡುವವನ ಒಪ್ಪಿಗೆ, ನಿಷ್ಠೆ ಮತ್ತು ಹಂಚಿಕೊಳ್ಳುವ ಮನಸ್ಸು ಮೊದಲೇ ಸೇರಿಕೊಂಡಿವೆ. ಲೇಬರ್ ಎಂಬುದು ಬಲವಂತದ ದುಡಿಮೆಗೂ ಸಲ್ಲುತ್ತದೆ. ‘ಫೋರ್ಸ್ಡ್ ಲೇಬರ್’ ಎಂಬುದನ್ನು ‘ಬಲವಂತದ ಕಾಯಕ’ ಎಂದು ಬರೆದು ನೋಡಿದರೆ ಪದವೇ ಅದನ್ನು ಒಪ್ಪುವುದಿಲ್ಲ ಎಂಬುದು ತಿಳಿಯುತ್ತದೆ.

ಸೂತಿಕಾಗೃಹ

ಹೆರಿಗೆಯ ವಿಭಾಗದಲ್ಲಿ ದಾದಿಯಾಗಿ ಕೆಲಸ ಮಾಡುವವಳಾದ್ದರಿಂದ ಶ್ಲೇಷೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇಂಗ್ಲಿಷಿನಲ್ಲಿ ಹೆರಿಗೆಗೆ ಲೇಬರ್ ಎನ್ನುವುದು ಹದಿನಾರನೆಯ ಶತಮಾನದ ಕೊನೆಯಿಂದ ಕಾಣಸಿಗುತ್ತದೆ. ವೈದ್ಯಕೀಯದಲ್ಲಿ ಅದು ಒಂದು ಕ್ಷಣದ ಹೆಸರಲ್ಲ, ಮೂರು ಹಂತಗಳ ಇಡೀ ಪ್ರಕ್ರಿಯೆಯ ಹೆಸರು: ಗರ್ಭಕೋಶದ ಕೊರಳು ಸುಮಾರು 10 ಸೆಂಟಿಮೀಟರಿನಷ್ಟು ತೆರೆಯುವವರೆಗೆ ಮೊದಲ ಹಂತ, ಮಗು ಹೊರಬರುವವರೆಗೆ ಎರಡನೆಯದು, ಮಾಸು ಬೀಳುವವರೆಗೆ ಮೂರನೆಯದು. ಆದ್ದರಿಂದ ಎಲ್ಲ ಕಡೆಯೂ ‘ಹೆರಿಗೆ ನೋವು’ ಎಂದು ಬರೆಯುವುದು ಸರಿಯಲ್ಲ. ನೋವು ಆ ಪ್ರಕ್ರಿಯೆಯ ಲಕ್ಷಣ, ಪ್ರಕ್ರಿಯೆಯಲ್ಲ. ಮಾತಿನಲ್ಲಿ ನಾವು ‘ಬೇನೆ’ ಎನ್ನುತ್ತೇವೆ. ಬೇನೆ ಶುರುವಾಯಿತು, ಬೇನೆ ತಿನ್ನುತ್ತಿದ್ದಾಳೆ, ಔಷಧ ಕೊಟ್ಟು ಬೇನೆ ಬರಿಸಿದರು ಎಂಬ ವಾಕ್ಯಗಳಲ್ಲಿ ಆ ಒಂದು ಪದ ಇಂಗ್ಲಿಷ್ ಪದದ ಕೆಲಸವನ್ನೆಲ್ಲ ಮಾಡುತ್ತದೆ. 1872ರಲ್ಲಿ ಬ್ರ್ಯಾಕ್ಸ್‌ಟನ್ ಹಿಕ್ಸ್ ಎಂಬ ವೈದ್ಯ ವಿವರಿಸಿದ, ಹೆರಿಗೆಗೆ ದಾರಿ ಮಾಡದ ಬಿಗಿತಗಳಿಗೂ ‘ಸುಳ್ಳು ಬೇನೆ’ ಎಂಬುದು ಚೆನ್ನಾಗಿ ಒಪ್ಪುತ್ತದೆ.

ಆದರೆ ಬೇನೆಯಲ್ಲಿ ಒಂದು ಕೊರತೆಯಿದೆ. ಬೇನೆ ಬರುತ್ತದೆ, ಹೆಣ್ಣು ಅದನ್ನು ತಿನ್ನುತ್ತಾಳೆ. ಅವಳು ಏನನ್ನೋ ಮಾಡುತ್ತಿದ್ದಾಳೆ ಎಂಬ ಸೂಚನೆ ಅಲ್ಲಿಲ್ಲ. ಇಂಗ್ಲಿಷ್ ಪದದಲ್ಲಿ ಅವಳು ದುಡಿಯುತ್ತಿದ್ದಾಳೆ. ನಿಮ್ಮ ಲೇಖಕರ ಶ್ಲೇಷೆ ನಿಂತಿರುವುದು ಇದರ ಮೇಲೆಯೇ ಎಂದು ಕಾಣುತ್ತದೆ. ಹಾಗಿದ್ದರೆ ಶ್ಲೇಷೆಯನ್ನು ಕೈಬಿಟ್ಟು, ‘ಇಂಗ್ಲಿಷಿನಲ್ಲಿ ಹೆರಿಗೆಗೂ ದುಡಿಮೆಗೂ ಒಂದೇ ಪದ’ ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುವುದೇ ಪ್ರಾಮಾಣಿಕವಾದ ದಾರಿ.

ಸರಕು-ಬೆಲೆ

ಪುಟಬದಿ ಅವರ ಮೂಲ ಪ್ರಶ್ನೆ ಅರ್ಥಶಾಸ್ತ್ರದ್ದು. ಅಲ್ಲಿ ಪದದ ಆಯ್ಕೆಯಿಂದ ಸಿದ್ಧಾಂತವೇ ಬದಲಾಗಬಹುದು. ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿಯ ಕಾರ್ಖಾನೆಯ ಪ್ರಸಿದ್ಧ ಉದಾಹರಣೆಯನ್ನು ಕೊಟ್ಟಾಗ, ಹತ್ತು ಜನ ಕೆಲಸವನ್ನು ಹಂಚಿಕೊಂಡು ದಿನಕ್ಕೆ 48,000 ಸೂಜಿಗಳನ್ನು ಮಾಡುವುದನ್ನು ‘ಡಿವಿಷನ್ ಆಫ್ ಲೇಬರ್’ ಎಂದು ಕರೆದ. ಅದಕ್ಕೆ ‘ಶ್ರಮ ವಿಭಜನೆ’ ಎಂಬ ಪದ ನೆಲೆನಿಂತಿದೆ. ಅದನ್ನು ಕದಲಿಸುವುದು ಬೇಡ. ಅದೇ ಸ್ಮಿತ್ ವಸ್ತುವಿನ ನಿಜವಾದ ಬೆಲೆಯೆಂದರೆ ಅದನ್ನು ಪಡೆಯಲು ಪಡಬೇಕಾದ ಪಾಡು ಮತ್ತು ತೊಂದರೆ ಎಂದಾಗ, ‘ಟಾಯ್ಲ್’ ಎಂಬ ಬೇರೊಂದು ಪದವನ್ನು ತಂದ. ಆ ಪದಕ್ಕೆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ಅದು ಬರಿಯ ಮೈದಣಿವು.

ಮಾರ್ಕ್ಸ್‌ನ ಬಳಿಗೆ ಬಂದರೆ ವಿಷಯ ಇನ್ನೂ ಬಿಗಿಯಾಗುತ್ತದೆ. ಕೆಲಸಗಾರ ಮಾರುವುದು ಶ್ರಮವನ್ನಲ್ಲ, ದುಡಿಯಬಲ್ಲ ತನ್ನ ಸಾಮರ್ಥ್ಯವನ್ನು, ಎಂದರೆ ಶ್ರಮಶಕ್ತಿಯನ್ನು. ಕೂಲಿಗೂ ಅವನು ಸೃಷ್ಟಿಸುವ ಮೌಲ್ಯಕ್ಕೂ ನಡುವಿನ ಅಂತರವೆಲ್ಲ ಹುಟ್ಟುವುದು ಈ ವ್ಯತ್ಯಾಸದಿಂದ. ಆದ್ದರಿಂದ ಅನುವಾದದಲ್ಲಿ ‘ಶ್ರಮ’ ಮತ್ತು ‘ಶ್ರಮಶಕ್ತಿ’ಗಳು ಒಂದು ಕಡೆಯೂ ಅದಲುಬದಲಾಗಬಾರದು. ಮಾರ್ಕ್ಸ್‌ನ ‘ಬಂಡವಾಳ’ ಗ್ರಂಥದ ನಾಲ್ಕನೆಯ ಜರ್ಮನ್ ಆವೃತ್ತಿಯ ಅಡಿಟಿಪ್ಪಣಿಯೊಂದರಲ್ಲಿ ಅವನ ಒಡನಾಡಿ ಎಂಗೆಲ್ಸ್ ಇಂಗ್ಲಿಷ್ ಭಾಷೆಯನ್ನು ಕೊಂಡಾಡುತ್ತಾನೆ: ಉಪಯುಕ್ತ ವಸ್ತುವನ್ನು ಸೃಷ್ಟಿಸುವ, ಗುಣದ ದೃಷ್ಟಿಯಿಂದ ನೋಡುವ ಚಟುವಟಿಕೆಗೆ ‘ವರ್ಕ್’, ಮೌಲ್ಯವನ್ನು ಸೃಷ್ಟಿಸುವ, ಪ್ರಮಾಣದಲ್ಲಿ ಅಳೆಯುವ ಚಟುವಟಿಕೆಗೆ ‘ಲೇಬರ್’ ಎಂದು ಅಲ್ಲಿ ಎರಡು ಪದಗಳಿವೆ. ಕನ್ನಡದಲ್ಲಿ ‘ಕೆಲಸ’ ಮತ್ತು ‘ಶ್ರಮ’ ಎಂಬ ಜೋಡಿಯಿಂದ ಇದನ್ನು ಹಾಗೆಯೇ ಸಾಧಿಸಬಹುದು.

ಕಷ್ಟವಾಗುವುದು ಒಂದು ಪುಟ್ಟ ವಾಕ್ಯದಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1944ರ ಫಿಲಡೆಲ್ಫಿಯಾ ಘೋಷಣೆಯಲ್ಲಿ ತನ್ನ ಮೊದಲ ತತ್ತ್ವವಾಗಿ ಲೇಬರ್ ಸರಕಲ್ಲ ಎಂದು ಸಾರಿತು. ಈ ಮಾತು ಅಲ್ಲಿ ಹುಟ್ಟಿದ್ದಲ್ಲ. ಅಮೆರಿಕದ 1914ರ ಕ್ಲೇಟನ್ ಕಾಯಿದೆಯಲ್ಲಿ ಮನುಷ್ಯನ ಲೇಬರ್ ಸರಕೂ ಅಲ್ಲ, ವ್ಯಾಪಾರದ ವಸ್ತುವೂ ಅಲ್ಲ ಎಂದಿತ್ತು. 1919ರ ವರ್ಸೇಲ್ಸ್ ಒಪ್ಪಂದವು ಅದನ್ನು ‘ಕೇವಲ’ ಸರಕೆಂದು ಪರಿಗಣಿಸಬಾರದು ಎಂದಿತು, ಎಂದರೆ ಸರಕು ಹೌದು, ಆದರೆ ಅಷ್ಟು ಮಾತ್ರವಲ್ಲ ಎನ್ನಲು ಅವಕಾಶವನ್ನು ಉಳಿಸಿಕೊಂಡಿತು. 1944ರಲ್ಲಿ ಆ ‘ಕೇವಲ’ ಹೋಯಿತು.

ಇದನ್ನು ಕನ್ನಡಕ್ಕೆ ತನ್ನಿ. ‘ಕಾರ್ಮಿಕರು ಸರಕಲ್ಲ’ ಎಂದರೆ ಮನುಷ್ಯರನ್ನು ಮಾರುವ ಗುಲಾಮಗಿರಿಯ ನಿಷೇಧವಾಗುತ್ತದೆ. ಘೋಷಣೆ ಹೇಳುವುದು ಅದಕ್ಕಿಂತ ಹೆಚ್ಚು. ‘ಶ್ರಮವು ಸರಕಲ್ಲ’ ಎಂದರೆ ಸುಭಾಷಿತದಂತೆ ಕೇಳುತ್ತದೆ. ‘ದುಡಿಮೆ ಸರಕಲ್ಲ’ ಎಂಬುದು ಎರಡಕ್ಕಿಂತಲೂ ಮೇಲು, ಏಕೆಂದರೆ ದುಡಿಮೆ ಎಂದೊಡನೆ ದುಡಿಯುವ ಮೈಯೂ ಕಣ್ಣಿಗೆ ಬರುತ್ತದೆ, ಆ ಮೈಯನ್ನು ದುಡಿಮೆಯಿಂದ ಬೇರ್ಪಡಿಸಿ ಮಾರಲಾಗದು ಎಂಬ ವಾದವೂ ಪದದೊಳಗೇ ಇರುತ್ತದೆ.

ಕರಡುತಿದ್ದು

ಸರಕು-ಬೆಲೆ ಅವರ ವಿಶ್ಲೇಷಣೆಯನ್ನು ಒಪ್ಪುತ್ತೇನೆ, ತೀರ್ಮಾನವನ್ನು ಪೂರ್ತಿಯಾಗಿ ಒಪ್ಪಲಾರೆ. ‘ಅವನ ದುಡಿಮೆ ಎಷ್ಟು?’ ಎಂದು ಕೇಳಿದರೆ ಕನ್ನಡದವರು ಹೇಳುವ ಉತ್ತರ ಸಂಪಾದನೆಯ ಮೊತ್ತ. ದುಡಿಮೆ ಎಂಬ ಪದದಲ್ಲಿ ಶ್ರಮವೂ ಅದರ ಪ್ರತಿಫಲವೂ ಒಟ್ಟಿಗೆ ಹೆಣೆದುಕೊಂಡಿವೆ, ‘ದುಡಿದ ಹಣ’ ಎಂದು ನಾವು ಹಣವನ್ನೇ ದುಡಿಯುತ್ತೇವೆ. ಶ್ರಮಕ್ಕೂ ಕೂಲಿಗೂ ನಡುವಿನ ಅಂತರವೇ ಚರ್ಚೆಯ ವಸ್ತುವಾಗಿರುವ ಪ್ರಬಂಧದಲ್ಲಿ ಎರಡನ್ನೂ ಸೂಚಿಸುವ ಪದವನ್ನು ಬಳಸುವುದು ಅಪಾಯಕರ.

ಸರಕು-ಬೆಲೆ

ಈ ಆಕ್ಷೇಪಣೆಗೆ ತೂಕವಿದೆ. ಹಾಗಾದರೆ ಹೀಗೆ ಮಾಡಬಹುದು: ಲೆಕ್ಕ, ಮೌಲ್ಯ ಮತ್ತು ಕೂಲಿಗಳ ಮಾತು ಬರುವಲ್ಲೆಲ್ಲ ‘ಶ್ರಮ’, ಮನುಷ್ಯ ಮತ್ತು ಅವನ ಮೈ ಮುಂದೆ ಬರುವಲ್ಲಿ ‘ದುಡಿಮೆ’. ಘೋಷಣೆಯ ವಾಕ್ಯಕ್ಕೆ ನಾನು ದುಡಿಮೆಯನ್ನೇ ಉಳಿಸುತ್ತೇನೆ, ಏಕೆಂದರೆ ಅಲ್ಲಿ ಸಂಪಾದನೆ ಎಂಬ ಅರ್ಥ ಹೊಂದುವುದಿಲ್ಲವಾದ್ದರಿಂದ ಓದುಗ ಅದನ್ನು ತಾನಾಗಿಯೇ ಕೈಬಿಡುತ್ತಾನೆ.

1983ರಲ್ಲಿ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಪ್ರಚಾರಕ್ಕೆ ತಂದ ‘ಎಮೋಷನಲ್ ಲೇಬರ್’ ಎಂಬ ಪರಿಕಲ್ಪನೆಗೂ ಇದು ನೆರವಾಗುತ್ತದೆ. ವಿಮಾನದ ಗಗನಸಖಿ ಸಿಟ್ಟು ಬಂದರೂ ನಗುವುದು, ಸಾಲ ವಸೂಲಿ ಮಾಡುವವನು ಕನಿಕರ ಬಂದರೂ ಗದರುವುದು, ಎರಡೂ ಸಂಬಳಕ್ಕಾಗಿ ತಮ್ಮ ಭಾವನೆಗಳನ್ನು ಹದಗೊಳಿಸಿಕೊಳ್ಳುವ ಕೆಲಸಗಳು. ‘ಭಾವನಾತ್ಮಕ ಶ್ರಮ’ ಎಂದರೆ ಮನಸ್ಸಿಗೆ ಆಯಾಸ ತರುವ ಯಾವುದಾದರೂ ಸಂಗತಿ ಎಂದು ಓದುಗರು ತಿಳಿಯುತ್ತಾರೆ. ಇಂಗ್ಲಿಷಿನಲ್ಲಿಯೂ ಪದ ಈಗ ಹಾಗೆಯೇ ಸಡಿಲವಾಗಿ ಓಡಾಡುತ್ತಿದೆ. ‘ಭಾವನೆಗಳ ದುಡಿಮೆ’ ಎಂದರೆ ಸಂಬಳದ ಅಂಶ ಒಳಗೇ ಉಳಿಯುತ್ತದೆ. ಕರಡುತಿದ್ದು ಅವರು ಅಪಾಯವೆಂದ ಗುಣ ಇಲ್ಲಿ ಉಪಕಾರಕ್ಕೆ ಬಂದಿತು.

ಪುಟಬದಿ

ಎಲ್ಲರಿಗೂ ಕೃತಜ್ಞತೆಗಳು. ‘ಶ್ರಮ’ ಮತ್ತು ‘ದುಡಿಮೆ’ಗಳ ಈ ಹಂಚಿಕೆಯನ್ನು ಅನುಸರಿಸುತ್ತೇನೆ, ಹೆರಿಗೆಯ ಶ್ಲೇಷೆಯನ್ನು ಒಂದು ವಾಕ್ಯಕ್ಕೆ ಇಳಿಸುತ್ತೇನೆ. ಇನ್ನೆರಡು ಸಂದೇಹಗಳಿವೆ. ಪ್ರಬಂಧದಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕೈದಿಗಳಿಗೆ ವಿಧಿಸಿದ ‘ಹಾರ್ಡ್ ಲೇಬರ್’ ಶಿಕ್ಷೆಯ ಪ್ರಸ್ತಾಪವಿದೆ. ಮುನ್ನುಡಿಯ ಕೊನೆಯಲ್ಲಿ ಲೇಖಕರು ಈ ಬರವಣಿಗೆ ತಮಗೆ ಒಂದು ‘ಲೇಬರ್ ಆಫ್ ಲವ್’ ಆಗಿತ್ತು ಎಂದಿದ್ದಾರೆ.

ಅರ್ಥಕೋಶ

ಮೊದಲನೆಯದಕ್ಕೆ ಪತ್ರಿಕೆಗಳ ‘ಕಠಿಣ ಸಜೆ’ ಸಾಲದು. ಅಲ್ಲಿ ಕಠಿಣವಾದದ್ದು ಸಜೆಯೇ ಹೊರತು ದುಡಿಮೆಯಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ದುಡಿಮೆಯೇ ಶಿಕ್ಷೆಯಾಗಿತ್ತು. ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ 1818ರ ಸುಮಾರಿಗೆ ರೂಪಿಸಿದ ತುಳಿಚಕ್ರದ ಮೆಟ್ಟಿಲುಗಳನ್ನು ಕೈದಿಗಳು ಗಂಟೆಗಟ್ಟಲೆ ಏರುತ್ತಲೇ ಇರಬೇಕಿತ್ತು. ಕೆಲವು ಕಡೆ ಆ ಚಕ್ರ ಕಾಳು ಬೀಸುತ್ತಿತ್ತು, ನೀರೆತ್ತುತ್ತಿತ್ತು. ಎಷ್ಟೋ ಕಡೆ ಏನನ್ನೂ ಮಾಡದೆ ಬರಿದೇ ತಿರುಗುತ್ತಿತ್ತು. ಮರಳು ತುಂಬಿದ ಪೆಟ್ಟಿಗೆಯ ಹಿಡಿಯನ್ನು ದಿನಕ್ಕೆ ಸಾವಿರಾರು ಸಲ ತಿರುಗಿಸುವ ಶಿಕ್ಷೆಯೂ ಇತ್ತು. ಅದರಿಂದ ಹುಟ್ಟುವ ವಸ್ತು ಯಾವುದೂ ಇರಲಿಲ್ಲ. ವಸ್ತುವನ್ನು ಉಳಿಸದ ದಣಿವು ಎಂಬ ಪದದ ಹಳೆಯ ಅರ್ಥವನ್ನು ಕಾನೂನು ಅಕ್ಷರಶಃ ಜಾರಿಗೆ ತಂದಂತಾಗಿತ್ತು. ಅಲ್ಲಿ ‘ಹಾರ್ಡ್ ಲೇಬರ್’ ಶಿಕ್ಷೆಯು 1948ರ ಕಾಯಿದೆಯಿಂದ ರದ್ದಾಯಿತು. ‘ಕಠಿಣ ದುಡಿಮೆಯ ಶಿಕ್ಷೆ’ ಎಂದು ಬರೆದು, ಮೊದಲ ಸಲ ಬಂದಾಗ ತುಳಿಚಕ್ರದ ವಿಷಯವನ್ನು ಅರ್ಧ ವಾಕ್ಯದಲ್ಲಿ ತಿಳಿಸಿ.

ಎರಡನೆಯ ನುಡಿಗಟ್ಟು 1611ರ ಇಂಗ್ಲಿಷ್ ಬೈಬಲಿನ ಪತ್ರಗಳಿಂದ ಬಂದದ್ದು. ಅದರ ಹಿಂದಿರುವ ಗ್ರೀಕ್ ಪದಕ್ಕೆ ಬಳಲಿಸುವ ದುಡಿಮೆ ಎಂದೇ ಅರ್ಥ. ಈಗಿನ ಇಂಗ್ಲಿಷಿನಲ್ಲಿ ಬಳಲಿಕೆ ಹೋಗಿ, ಲಾಭವನ್ನು ನೋಡದೆ ಇಷ್ಟಪಟ್ಟು ಮಾಡಿದ್ದು ಎಂಬುದಷ್ಟೇ ಉಳಿದಿದೆ.

ಕರಡುತಿದ್ದು

ಹಾಗಿದ್ದರೆ ಮುನ್ನುಡಿಯಲ್ಲಿ ‘ಪ್ರೀತಿಯ ಶ್ರಮ’ ಎಂದು ಬರೆಯುವುದು ಬೇಡ. ಅದನ್ನು ಓದಿದವರು ಪ್ರೀತಿಸುವುದೇ ಶ್ರಮವಾಯಿತೇ ಎಂದು ಕೇಳಿಯಾರು. ‘ಇದನ್ನು ಅಕ್ಕರೆಯಿಂದ ಬರೆದಿದ್ದೇನೆ’ ಎಂದರೆ ಸಾಕು. ಆ ವಾಕ್ಯದಲ್ಲಿ ಲೇಬರ್‌ಗೆ ಸಮನಾದ ಪದವೇ ಬೇಕಿಲ್ಲ.